ಬೀರಪ್ಪನ ಹಟ್ಟಿಗೆ ಸುದ್ದಿ ಒಯ್ದದ್ದು

ಗಡಿಯ ಸ್ಟೇಷನ್

"ಟೀಚರ್, ನೀವು ಪರದೇಶಕ್ಕೆ ಹೋಗಿದ್ದಿರಂತೆ?" ಎಂದು ನಮ್ಮ ಶಾಲೆಯ ಹುಡುಗಿಯರು ಕೇಳುತ್ತಾರೆ. ಹೌದು ಎನ್ನುತ್ತೇನೆ. ಎಲ್ಲಿಗೆ ಎಂದರೆ ಬೀದರಿಗೆ ಎನ್ನುತ್ತೇನೆ. ಆಮೇಲೆ ಅವರ ನಗು ನಿಲ್ಲುವತನಕ ಸೀಮೆಸುಣ್ಣ ಹಿಡಿದು ಕಾಯುತ್ತೇನೆ.

ನಗಲಿ ಬಿಡಿ. ನಾನು ಹುಬ್ಬಳ್ಳಿಯಿಂದ ಹೊರಟಾಗ ನಮ್ಮೂರು ಮುಂಬಯಿ ಪ್ರಾಂತ್ಯದ್ದು, ಬೀದರ ನಿಜಾಮರ ಹೈದರಾಬಾದ್ ಸಂಸ್ಥಾನದ್ದು. ಅಲ್ಲಿಯ ನಾಣ್ಯ ಬೇರೆ, ಅಂಚೆಚೀಟಿ ಬೇರೆ, ಕಚೇರಿಯ ಭಾಷೆ ಬೇರೆ, ತಿಂಗಳುಗಳ ಹೆಸರು ಕೂಡ ಬೇರೆ. ಅದು ನಲವತ್ತೆಂಟರ ಡಿಸೆಂಬರ್; ಆ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದು ಮೂರು ತಿಂಗಳಾಗಿತ್ತು. ಹೈದರಾಬಾದಿನಲ್ಲಿ ಮಿಲಿಟರಿ ಆಡಳಿತ ಬಂದು ಕೂತಿತ್ತು, ಆದರೆ ಗಡಿಯ ಸುಂಕದ ಕಟ್ಟೆ ಇನ್ನೂ ಹಾಗೆಯೇ ಇತ್ತು. ನಾನು ಹೊರಟಾಗ ಪಕ್ಕದ ಮನೆಯ ಅಜ್ಜಿ ಸಮುದ್ರ ದಾಟುವವಳನ್ನು ಕಳಿಸಿಕೊಡುವ ಹಾಗೆ ಕಣ್ಣೊರೆಸಿಕೊಂಡಿದ್ದಳು.

ಹೊರಟದ್ದು ನನ್ನ ತಮ್ಮ ದಾನಿಯೇಲನ ಪತ್ರದಿಂದ. ಅವನು ಭಾಲ್ಕಿಯಲ್ಲಿದ್ದುಕೊಂಡು ಸುತ್ತಲಿನ ಹಳ್ಳಿಗಳ ಕ್ರೈಸ್ತ ಸಭೆಗಳನ್ನು ನೋಡಿಕೊಳ್ಳುವ ಪಾದ್ರಿ. "ಅಕ್ಕಾ, ಹೋದ ವರ್ಷ ಗಲಾಟೆಗೆ ಹೆದರಿ ನಮ್ಮ ಜನ ಊರು ಬಿಟ್ಟಿದ್ದರು. ಕ್ರಿಸ್ಮಸ್ ಆಗಲೇ ಇಲ್ಲ. ಈ ವರ್ಷ ಆಗಲೇಬೇಕು. ನಿನ್ನಷ್ಟು ಅಚ್ಚುಕಟ್ಟಾಗಿ ತಯಾರಿ ಮಾಡುವವರು ಇಲ್ಲಿ ಯಾರೂ ಇಲ್ಲ" ಎಂದು ಬರೆದಿದ್ದ. ನನ್ನನ್ನು ಉಬ್ಬಿಸುವುದು ಅವನಿಗೆ ಚಿಕ್ಕಂದಿನಿಂದ ಗೊತ್ತು.

ಕ್ರಿಸ್ಮಸ್ಸಿನ ಹಿಂದಿನ ನಾಲ್ಕು ಭಾನುವಾರಗಳ ಅವಧಿಯನ್ನು ನಾವು ಆಗಮನ ಕಾಲ ಎನ್ನುತ್ತೇವೆ. ಆ ದಿನಗಳಲ್ಲಿ ನನ್ನಷ್ಟು ಕೆಲಸ ಹಚ್ಚಿಕೊಳ್ಳುವವರು ಇಡೀ ಹುಬ್ಬಳ್ಳಿಯಲ್ಲಿ ಇರಲಿಲ್ಲ. ಪರದೆ ಹೊಲಿಯುವುದು, ಮಕ್ಕಳಿಗೆ ಹಾಡು ಕಲಿಸುವುದು, ನಕ್ಷತ್ರ ಅಂಟಿಸುವುದು, ಎಲ್ಲಕ್ಕೂ ಒಂದು ಪಟ್ಟಿ. ಜನ ಇದನ್ನು ಭಕ್ತಿ ಎಂದುಕೊಂಡಿದ್ದರು. ನಿಜ ಹೇಳುತ್ತೇನೆ: ಅದಕ್ಕೆ ಹದಿನೇಳು ವರ್ಷದ ಹಿಂದೆ, ಆಗಮನ ಕಾಲದ ಎರಡನೆಯ ಭಾನುವಾರ ನನಗೊಂದು ಹೆಣ್ಣು ಮಗು ಹುಟ್ಟಿ, ಎಂಟು ದಿನ ಇದ್ದು ಹೋಯಿತು. ನಮ್ಮ ಮನೆಯವರೂ ಆಮೇಲೆ ಬಹಳ ದಿನ ಉಳಿಯಲಿಲ್ಲ. ಅಂದಿನಿಂದ ಡಿಸೆಂಬರ್ ಬಂತೆಂದರೆ ನನಗೆ ಕೂತರೆ ಆಗುತ್ತಿರಲಿಲ್ಲ. ಸಂತೋಷದ ಹಾಡನ್ನು ಎಲ್ಲರಿಗೂ ಕಲಿಸುತ್ತಿದ್ದೆ, ನಾನು ಮಾತ್ರ ಬರಿ ತಾಳ ಹಾಕುತ್ತಿದ್ದೆ.

ಗಡಿಯ ಸ್ಟೇಷನ್ನಿನಲ್ಲಿ ಸುಂಕದ ಕಟ್ಟೆಯ ದಫೇದಾರ ನನ್ನ ಟ್ರಂಕು ತೆಗೆಸಿದ. ಸಣ್ಣ ಗಡ್ಡದ, ನಿಧಾನದ ಮನುಷ್ಯ. ಮೇಣದಬತ್ತಿ ನೋಡಿದ, ಬಣ್ಣದ ಕಾಗದ ನೋಡಿದ. ಕೆಳಗಿನಿಂದ ಬಿದಿರುಕಡ್ಡಿಗೆ ಬಿಳಿ ಮಲ್ಲು ಬಟ್ಟೆ ಹೊಲಿದ ಎರಡು ಜೊತೆ ದೊಡ್ಡ ರೆಕ್ಕೆ ಎತ್ತಿದ.

"ಇವೇನ್ರಿ ಬಾಯಿ?"

"ರೆಕ್ಕಿ."

"ಯಾರವ್ರಿ?"

"ದೇವದೂತರವು," ಎಂದೆ. ಕ್ರಿಸ್ಮಸ್ ನಾಟಕದಲ್ಲಿ ಮಕ್ಕಳು ಕಟ್ಟಿಕೊಳ್ಳುತ್ತಾರೆ ಎಂದು ವಿವರಿಸುವಷ್ಟರಲ್ಲಿ ಅವನು ರೆಕ್ಕೆಯನ್ನು ಬೆಳಕಿಗೆ ಹಿಡಿದು ಯೋಚನೆಗೆ ಬಿದ್ದಿದ್ದ. ಅವನ ಸುಂಕದ ದೊಡ್ಡ ಪುಸ್ತಕದಲ್ಲಿ ಇದನ್ನು ಬರೆಯಲು ಒಂದು ಮನೆ ಇರಲಿಲ್ಲ.

"ಹೊಸಾವೋ, ಹಳೇವೋ? ಹಳೇವಂದ್ರ ಜಕಾತಿ ಇಲ್ರಿ."

ಹಿಂದಿನ ವಾರವಷ್ಟೇ ಹೊಲಿದಿದ್ದೆ. ಆದರೂ "ದೇವದೂತರು ಭಾಳ ಹಳಬರ್ರಿ" ಎಂದೆ. ಅವನು ಮೊದಲ ಸಲ ನಕ್ಕು, ಉರ್ದುವಿನಲ್ಲಿ ಏನೋ ಬರೆದು, ರೆಕ್ಕೆಗಳನ್ನು ನನಗಿಂತ ಜತನವಾಗಿ ಮಡಚಿ ಒಳಗಿಟ್ಟ.

ಬೀದರ

ಬೀದರದಲ್ಲಿ ಮಣ್ಣೇ ಕೆಂಪು. ಕೋಟೆ ಕೆಂಪು, ರಸ್ತೆ ಕೆಂಪು, ನನ್ನ ಬಿಳಿ ಸೀರೆಯ ಅಂಚು ಅರ್ಧ ದಿನದಲ್ಲಿ ಕೆಂಪು. ನಾನು ಇಳಿದುಕೊಂಡದ್ದು ಊರ ಹೊರಗಿನ ಮೈಲೂರಿನಲ್ಲಿ, ತಮ್ಮನ ಪರಿಚಯದ ಒಬ್ಬ ನರ್ಸಮ್ಮನ ಮನೆಯಲ್ಲಿ. ಆಕೆ ಎರಡು ಮಾತಿಗೊಮ್ಮೆ "ಜೀ" ಎನ್ನುತ್ತಿದ್ದಳು. ನಮ್ಮ ಕಡೆ "ಹೂಂ" ಎಂದು ಗಂಟಲಲ್ಲೇ ಮುಗಿಸುವ ಮಾತನ್ನು ಇಲ್ಲಿ ತಲೆಬಾಗಿಸಿ ಹೇಳುತ್ತಾರೆ. ಜಗಳವಾಡುವಾಗಲೂ ರಿ ಬಿಡುವುದಿಲ್ಲ. ಬಾವಿಕಟ್ಟೆಯಲ್ಲಿ ಒಬ್ಬಳು ಇನ್ನೊಬ್ಬಳಿಗೆ "ನಿಮ್ಮ ಬಾಯಾಗ ಮಣ್ಣ ಬೀಳಲ್ರಿ" ಎಂದದ್ದನ್ನು ನಾನೇ ಕೇಳಿದೆ.

ಕ್ರಿಸ್ಮಸ್ ಯಾವತ್ತು ಎಂದು ಕೇಳಿದರೆ ಅಲ್ಲಿಯವರು ಬಹಮನ್ ತಿಂಗಳಿನ ಲೆಕ್ಕ ಹೇಳುತ್ತಿದ್ದರು. ಅದು ನಿಜಾಮರ ಫಸಲಿ ಪಂಚಾಂಗದ ಹೆಸರು. ನನ್ನ ಡಿಸೆಂಬರ್ ಅಲ್ಲಿ ಇನ್ನೂ ಹೊಸ ಅಳಿಯನ ಹಾಗೆ ಬಾಗಿಲಲ್ಲೇ ನಿಂತಿತ್ತು.

ಊರಲ್ಲಿ ತಿರುಗಾಡಿದೆ. ಮಿಲಿಟರಿ ಲಾರಿಗಳು ನಿಂತಿದ್ದವು. ಹೊಸ ಬಾವುಟ ಹಾರುತ್ತಿತ್ತು. ಕೆಲವು ಗಲ್ಲಿಗಳಲ್ಲಿ ಸಾಲಾಗಿ ಬೀಗ ಹಾಕಿದ ಮನೆಗಳು, ಒಂದೆರಡು ಕಡೆ ಬೀಗವೂ ಇಲ್ಲದೆ ಬಾಗಿಲೇ ಇಲ್ಲದ ಮನೆಗಳು. ಯಾರವು ಎಂದು ಕೇಳಿದೆ. ನರ್ಸಮ್ಮ "ಹೋದೋರವು" ಎಂದಷ್ಟೇ ಹೇಳಿ ಹೆಜ್ಜೆ ಜೋರು ಮಾಡಿದಳು. ಮೊದಲು ನಿಜಾಮರ ಪರದ ರಜಾಕಾರರ ಪಡೆಗೆ ಹೆದರಿ ಒಂದು ಕಡೆಯವರು ಓಡಿದ್ದರು, ಆಮೇಲೆ ಸೇಡಿನಿಂದ ಇನ್ನೊಂದು ಕಡೆಯವರು.

ಸಂಜೆ ನನ್ನ ಪಟ್ಟಿ ತೆಗೆದು ಆಕೆಯನ್ನು ಪರೀಕ್ಷೆ ಮಾಡಿದೆ. ಕ್ರಿಸ್ಮಸ್ ನಡೆಯಲಿದ್ದ ಔರಾದ ಕಡೆಯ ಸಭೆಯವರು ತಮ್ಮ ಪ್ರಾರ್ಥನೆಯ ಗುಡಿಗೆ ಸುಣ್ಣ ಬಳಿದಿದ್ದಾರೆಯೇ? ಹಾಡು ಕಲಿತಿದ್ದಾರೆಯೇ?

"ಅದೆಲ್ಲ ಆಗ್ತದ್ರಿ ಅಕ್ಕೋರೆ," ಎಂದಳು. "ಮೊದಲ ಬೀರಪ್ಪ ಸಿಕ್ಕಾನೇನು ಅಂತ ನಿಮ್ಮ ತಮ್ಮಗ ಕೇಳ್ರಿ."

ಯಾರೋ ಸುಣ್ಣ ಬಳಿಯುವವನಿರಬೇಕು ಎಂದುಕೊಂಡು ಪಟ್ಟಿಯ ಕೊನೆಗೆ ಬೀರಪ್ಪ ಎಂದು ಬರೆದುಕೊಂಡೆ.

ಭಾಲ್ಕಿಯ ಪ್ಯಾಸೆಂಜರ್

ನಾನು ಹುಬ್ಬಳ್ಳಿಯಿಂದ ಜೋಪಾನವಾಗಿ ತಂದದ್ದು ಒಂದು ನಕ್ಷತ್ರ. ಐದು ಮೂಲೆಯ, ಒಂದು ಮೊಳದ, ಕೆಂಪು ಹಳದಿ ಕಾಗದದ ನಕ್ಷತ್ರ. ಟ್ರಂಕಿನಲ್ಲಿ ಹಿಡಿಸದ್ದರಿಂದ ತೊಡೆಯ ಮೇಲೆ ಇಟ್ಟುಕೊಂಡೇ ಬಂದಿದ್ದೆ. ಬೀದರದಿಂದ ಭಾಲ್ಕಿಗೆ ಹೋಗುವ ರೈಲಿನ ಹೆಂಗಸರ ಡಬ್ಬಿಯಲ್ಲಿ ಜಾಗ ಸಿಕ್ಕಿದ ಖುಷಿಗೆ ಅದನ್ನು ಪಕ್ಕಕ್ಕಿಟ್ಟು ಒಂದು ಜೊಂಪು ತೆಗೆದೆ.

ಎಚ್ಚರವಾದಾಗ ಎದುರು ಸೀಟಿನ ಮುದುಕಿಯ ಆಡು ನನ್ನ ನಕ್ಷತ್ರದ ನಾಲ್ಕನೆಯ ಮೂಲೆಯನ್ನು ಅಗಿಯುತ್ತಿತ್ತು. ಮೈದಾ ಹಿಟ್ಟಿನ ಅಂಟು ಅದಕ್ಕೆ ರುಚಿ ಹತ್ತಿರಬೇಕು. ನಾನು ಕಿರುಚಿದೆ. ಹೆಂಗಸರ ಡಬ್ಬಿಗೆ ಆಡು ತರುತ್ತಾರೆಯೇ, ನಿಮ್ಮ ರಾಜ್ಯದಲ್ಲಿ ಹೇಳುವವರು ಕೇಳುವವರು ಇಲ್ಲವೇ ಎಂದು ಒಂದೇ ಉಸಿರಿಗೆ ಬೈದೆ.

ಮುದುಕಿ ಬುರುಖಾದ ಮುಸುಕು ಎತ್ತಿ ಎರಡೂ ಕೈ ಮುಗಿದಳು. "ಮಾಫ್ ಮಾಡ್ರಿ ಬೇಟಾ. ಮಗಳ ಮನಿಗಿ ಹೊಂಟೀನಿ. ನಮ್ಮ ಮನ್ಯಾಗ ಈಗ ಉಳದದ್ದು ಇದೊಂದೇ ಅದ."

ಆಕೆ ಗಂಟು ಬಿಚ್ಚಿ ಅರ್ಧ ಸಜ್ಜೆ ರೊಟ್ಟಿ ನನ್ನ ಕೈಯಲ್ಲಿ ಇಟ್ಟಳು. ನಾನು ಉಳಿದ ಐದನೆಯ ಮೂಲೆಯನ್ನು ಆಡಿಗೇ ಕೊಟ್ಟೆ. ಇಬ್ಬರೂ ಭಾಲ್ಕಿಯವರೆಗೆ ರೊಟ್ಟಿ ತಿನ್ನುತ್ತ ಹೋದೆವು.

ಭಾಲ್ಕಿ

ದಾನಿಯೇಲ ಸ್ಟೇಷನ್ನಿಗೆ ಬಂದಿದ್ದ, ಜೊತೆಗೆ ಕೋಲಿನಂಥ ಒಬ್ಬ ಮುದುಕಿ. ಹೆಸರು ರೂತವ್ವ. ಮಾಂಜ್ರಾ ಹೊಳೆಯ ಆಚೆ, ಔರಾದ ಕಡೆಯ ಒಂದು ಸಣ್ಣ ಹಳ್ಳಿಯವಳು. ಆ ಹಳ್ಳಿಯ ಕೊನೆಯ ಓಣಿಯ ಇಪ್ಪತ್ತು ಮನೆಯವರೇ ತಮ್ಮನ ಒಂದು ಸಭೆ. ಈ ವರ್ಷದ ಕ್ರಿಸ್ಮಸ್ ಅಲ್ಲಿಯೇ ಎಂದು ಅವನು ನಿಶ್ಚಯಿಸಿದ್ದ. ರೂತವ್ವ ನನ್ನ ಟ್ರಂಕನ್ನು ಒಂದೇ ಏಟಿಗೆ ತಲೆಯ ಮೇಲೆ ಹೊತ್ತು, "ನಕ್ಷತ್ರ ತರ್ತಾರ ಅಂದಿದ್ರಿ?" ಎಂದು ತಮ್ಮನನ್ನು ಕೇಳಿದಳು. ಆಡು ತಿಂದಿತು ಎಂದೆ. ಆಕೆಗೆ ದುಃಖವೇನೂ ಆಗಲಿಲ್ಲ.

"ಹೋಗ್ಲಿ ಬಿಡ್ರಿ. ಚುಕ್ಕಿ ಮ್ಯಾಲ ಅವ."

ಮನೆಗೆ ಬಂದು ಪಟ್ಟಿ ಬಿಡಿಸಿದೆ. ಇನ್ನು ಐದೇ ದಿನ ಉಳಿದಿದ್ದವು. ಸುಣ್ಣ ಆಗಿರಲಿಲ್ಲ. ಹಾಡು ಆಗಿರಲಿಲ್ಲ. ನಾಲ್ಕು ಭಾನುವಾರ ಏನು ಮಾಡಿದಿರಿ ಎಂದರೆ ತಮ್ಮ ತಲೆ ಕೆರೆದುಕೊಂಡ. ರೂತವ್ವ ಉತ್ತರ ಹೇಳಿದಳು. "ಬೀರಪ್ಪಗ ಹುಡುಕಿದ್ವಿ. ಇನ್ನೂ ಸಿಕ್ಕಿಲ್ಲ."

"ಯಾರವ್ವ ಈ ಬೀರಪ್ಪ?"

"ಕುರುಬ ಇದ್ದಾನ್ರಿ."

"ನಿಮ್ಮ ಸಭೆಯವನೇ?"

"ಇಲ್ರಿ. ಅವ ಮೈಲಾರ ದೇವರ ಒಕ್ಕಲು. ಹಣಿಗಿ ಅರಿಷಿಣದ ಭಂಡಾರ ಹಚ್ಚಕೊಳ್ಳೋ ಮಂದಿ."

ಆಮೇಲೆ ಆಕೆ ನನ್ನೆದುರು ಚಕ್ಕಳಮಕ್ಕಳ ಹಾಕಿ ಕೂತು ಇಡೀ ಕತೆ ಹೇಳಿದಳು. ಅದನ್ನು ಆಕೆಯ ಮಾತಲ್ಲೇ ಕೊಡುತ್ತೇನೆ.

"ಆ ಓಣ್ಯಾಗ ಯೇಸುನ ಮಾತು ಮೊದಲ ಕೇಳದಾಕಿ ನಮ್ಮತ್ತಿ. ಯೇಸು ಹುಟ್ಟ್ದಾಗ ಮೊದಲ ಸುದ್ದಿ ಯಾರಿಗಿ ಹೋಯ್ತು? ಬಾದಶಾಗ ಹೋಯ್ತೇನು? ಪಟೇಲಗ ಹೋಯ್ತೇನು? ಕುರಿ ಕಾಯೋರಿಗಿ ಹೋಯ್ತು, ದೇವದೂತರು ಒಯ್ದು ಹೇಳಿದ್ರು. ಅದಕ್ಕ ನಮ್ಮತ್ತಿ ಅಂದಳು, ನಮ್ಮ ಊರಾಗ ಕುರಿ ಕಾಯೋರು ಇದ್ದಾರ, ಅವರಿಗಿ ಹೇಳಲಾರದ ನಾವು ಹ್ಯಾಂಗ ಉಣ್ಣಬೇಕು? ಹಬ್ಬದ ದಿನ ಹೊತ್ತು ಮೂಡೋದ್ರಾಗ ಬೀರಪ್ಪನ ಅಪ್ಪನ ಹಟ್ಟಿಗಿ ಹೋಗಿ ನಿಂತು, ಕೂಸು ಹುಟ್ಟ್ಯಾದ್ರಿ ಅಂದಳು. ಆ ಮುದುಕ ಏನ್ ತಿಳಕೊಂಡ? ನಮ್ಮ ಓಣ್ಯಾಗ ಯಾರಿಗೋ ಕೂಸು ಹುಟ್ಟ್ಯಾದ ಅಂತ ತಿಳಕೊಂಡ. ಕೂಸು ಹ್ಯಾಂಗ ಅದ, ತಾಯಿ ಹ್ಯಾಂಗ ಅದಾಳ ಅಂತ ಕೇಳದ. ಥಂಡಿ ಭಾಳ ಅದ ಅಂತ ತಾಯಿಗಿ ಒಂದು ತಂಬಿಗಿ ಹಾಲು, ಕೂಸಿಗಿ ಒಂದು ಸಣ್ಣ ಕಂಬಳಿ ಕೊಟ್ಟ. ಊರ ಮಂದಿ ಮುಟ್ಟಲಾರದ ನಮ್ಮ ಕೈಯಾಗ ಮ್ಯಾಲಿಂದ ನೀರು ಹಾಕೋ ದಿನಾ ಅವು. ಅವ ತಂಬಿಗಿ ಕೈಗಿ ಕೊಟ್ಟ."

"ನಿಮ್ಮತ್ತೆ ಅವನಿಗೆ ತಿದ್ದಿ ಹೇಳಲಿಲ್ಲವೇ?"

"ಏನ್ ತಿದ್ದೋದದ ಅದರಾಗ?" ಎಂದಳು ರೂತವ್ವ, ನಿಜವಾಗಿ ಆಶ್ಚರ್ಯಪಟ್ಟು. "ಈಗ ಬೀರಪ್ಪಗ ಎಲ್ಲಾ ಗೊತ್ತದ. ಆದ್ರೂ ಅಪ್ಪ ಕೇಳ್ದಂಗ ಕೇಳ್ತಾನ. ಕೇಳೋದು ಅವನ ಪಾಳಿ, ಹೇಳೋದು ನಮ್ಮ ಪಾಳಿ. ಹಾಲು ಬಂದ ಮ್ಯಾಲ ನಮ್ಮ ಗಡಗಿ ಒಲಿ ಮ್ಯಾಲ ಏರ್ತದ. ಕಂಬಳಿ ಆ ವರ್ಷ ಓಣ್ಯಾಗ ಹುಟ್ಟಿದ ಕೂಸಿಗಿ ಹೋಗ್ತದ."

ಕುರುಬರು ಒಂದು ಕಡೆ ನಿಲ್ಲುವವರಲ್ಲ. ಕೊಯ್ಲಾದ ಹೊಲದಿಂದ ಹೊಲಕ್ಕೆ ಕುರಿ ನಿಲ್ಲಿಸುತ್ತ, ಗೊಬ್ಬರಕ್ಕೆ ಪ್ರತಿಯಾಗಿ ಕಾಳು ಪಡೆಯುತ್ತ ಹೋಗುತ್ತಾರೆ. ಅವರು ಬೀಡುಬಿಟ್ಟ ಜಾಗವೇ ಹಟ್ಟಿ. ಹಾಗಾಗಿ ಆ ಇಪ್ಪತ್ತು ಮನೆಯವರಿಗೆ ಆಗಮನ ಕಾಲವೆಂದರೆ ಹಟ್ಟಿ ಹುಡುಕುವ ಕಾಲ. ಸಂತೆಗೆ ಹೋದವರು ಕೇಳಿಕೊಂಡು ಬರಬೇಕು, ಬೀಗರ ಊರಿಗೆ ಹೋದವರು ನೋಡಿಕೊಂಡು ಬರಬೇಕು. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಒಬ್ಬೊಬ್ಬರೇ ಎದ್ದು ತಾವು ಕೇಳಿದ್ದನ್ನು ಹೇಳಬೇಕು. ನಮ್ಮ ಹುಬ್ಬಳ್ಳಿಯಲ್ಲಿ ಆ ಹೊತ್ತಿಗೆ ಪರದೆಯ ಬಣ್ಣ ಯಾವುದಿರಬೇಕು ಎಂದು ಕಮಿಟಿಯವರು ಜಗಳವಾಡುತ್ತಿರುತ್ತೇವೆ.

"ಹೋದ ವರ್ಷ?" ಎಂದೆ.

ರೂತವ್ವ ನೆಲ ನೋಡಿದಳು. "ಹೋದ ವರ್ಷ ಓಡಿ ಹೋಗಿದ್ವಿ, ಗಡಿ ದಾಟಿ. ನಮ್ಮತ್ತಿ ಸತ್ತ ಮ್ಯಾಲ ಸುದ್ದಿ ಒಯ್ಯೋದು ನನ್ನ ಕೆಲಸ. ನಾ ಒಯ್ಲಿಲ್ಲ. ಅದೊಂದೇ ವರ್ಷ ತಪ್ಪ್ಯಾದ."

ಆಕೆಗೆ ಈ ಕ್ರಿಸ್ಮಸ್ ಎಂದರೆ ಇಷ್ಟೇ ಎಂದು ನನಗೆ ಆಗ ತಿಳಿಯಿತು: ಬೀರಪ್ಪ ಸಿಗಬೇಕು. ನನ್ನ ಪಟ್ಟಿಯಲ್ಲಿ ಅವನು ಎಲ್ಲಕ್ಕಿಂತ ಕೆಳಗಿದ್ದ.

ಹಲಬರ್ಗಾ

ಹಲಬರ್ಗಾದ ಕಡೆ ಕುರಿಗಳನ್ನು ನೋಡಿದ್ದೇವೆ ಎಂದು ಭಾಲ್ಕಿಯ ತೊಗರಿ ಅಡತಿ ಅಂಗಡಿಯಲ್ಲಿ ಯಾರೋ ಹೇಳಿದರು. ಎತ್ತಿನ ಗಾಡಿ ಮಾಡಿಕೊಂಡು ಹೊರಟೆವು. ತಮ್ಮ, ನಾನು, ರೂತವ್ವ ಮತ್ತು ಟ್ರಂಕು. ಎರಡೂ ಕಡೆ ಕರಿ ನೆಲದಲ್ಲಿ ಬಿಳಿಜೋಳ ಮೊಳಕಾಲುದ್ದ ಬಂದಿತ್ತು. ನಮ್ಮ ಕಡೆಯದೇ ಮಣ್ಣು, ನಮ್ಮ ಕಡೆಯದೇ ಬೆಳೆ. ಪರದೇಶ ಎಲ್ಲಿ ಶುರುವಾಗುತ್ತದೆ ಎಂದು ನಾನು ಹುಡುಕುತ್ತ ಕೂತಿದ್ದೆ.

ಹಲಬರ್ಗಾದಲ್ಲಿ ಒಂದು ಒಕ್ಕಲುತನದ ಮನೆಯ ಮುಂದೆ ಗಾಡಿ ನಿಲ್ಲಿಸಿದೆವು. ಪ್ರತಿವರ್ಷ ಬೀರಪ್ಪನ ಕುರಿ ಅವರ ಹೊಲದಲ್ಲಿ ನಿಲ್ಲುತ್ತಿತ್ತು. ಆ ಮನೆಯ ಯಜಮಾನಿ ಗಂಡನೊಡನೆ ಮರಾಠಿಯಲ್ಲಿ ಮಾತಾಡಿ, ಅದೇ ಉಸಿರಿಗೆ ನಮ್ಮೊಡನೆ ಕನ್ನಡಕ್ಕೆ ಹೊರಳಿದಳು.

"ಬೀರಪ್ಪ ಈ ವರ್ಷ ಯಾರ ಹೊಲದಾಗೂ ನಿಲ್ಲವಲ್ಲ ಬಾಯಿ. ಊರ ಹತ್ರನೇ ಬರವಲ್ಲ. ಅವನ ಮಗ ಸಿದ್ದು ಹೋದನಲ್ಲ. ನಿಮಗ ಗೊತ್ತಿಲ್ಲೇನು?"

ನಮಗೆ ಗೊತ್ತಿರಲಿಲ್ಲ.

"ಶ್ರಾವಣದಾಗ. ಕುರಿ ಹೊಡಕೊಂಡು ಹೋಗ್ಲಿಕ್ಕ ಯಾರೋ ಬಂದಿದ್ರು. ಅಡ್ಡ ನಿಂತ. ಹೊಡದು ಹಾಕಿದ್ರು."

"ಯಾರು?" ಎಂದ ನನ್ನ ತಮ್ಮ.

"ಅದು ಕೇಳಬ್ಯಾಡ್ರಿ ಪಾದ್ರಿ ಸಾಬ. ಆ ದಿನದಾಗ ಎಲ್ಲರ ಕೈಯಾಗೂ ಬಡಿಗಿ ಇದ್ವು." ಆಮೇಲೆ ರೂತವ್ವನ ಕಡೆ ತಿರುಗಿ, ದನಿ ತಗ್ಗಿಸಿ ಹೇಳಿದಳು. "ಮುದುಕಿ ಸುದ್ದಿ ತಗೊಂಡು ಬರೋದು ಬ್ಯಾಡ ಅಂದಾನ ಅವ. ಹಾದ್ಯಾಗ ಸಿಕ್ಕಾಗ ನಮ್ಮ ಮನಿಯವರಿಗಿ ಹೇಳ್ಯಾನ."

ರೂತವ್ವ ಅಲ್ಲೇ ಕಟ್ಟೆಯ ಮೇಲೆ ಕೂತಳು. ನೀರು ಕೊಟ್ಟರೆ ಕುಡಿಯಲಿಲ್ಲ. ನನಗೆ ಒಳಗೇ ಹಗುರವಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ. ಇನ್ನಾದರೂ ಸುಣ್ಣ, ಹಾಡು, ಪರದೆಯ ಕಡೆ ಲಕ್ಷ್ಯ ಕೊಡಬಹುದು ಎಂದುಕೊಂಡೆ. ತಮ್ಮನೂ ಮೆಲ್ಲಗೆ ಹೇಳಿದ, "ರೂತವ್ವ, ಈ ವರ್ಷ ಬಿಡೋಣ. ಮಗನ್ನ ಕಳಕೊಂಡವನ ಮುಂದೆ ಹೋಗಿ ಕೂಸು ಹುಟ್ಟಿದೆ ಎಂದು ಹೇಳುವುದು ಹೇಗೆ? ಶಾಂತವಾಗಿ ಆರಾಧನೆ ಮಾಡಿ ಮುಗಿಸೋಣ."

"ಸುದ್ದಿ ನಂದಲ್ರಿ ಸಾಬ, ಬಿಡ್ಲಿಕ್ಕ," ಎಂದಳು ಆಕೆ. "ಅವನದು ಅದ. ಅವನ ಅಪ್ಪನ ಕಾಲದಿಂದ ಅವನದು ಅದ. ಖುಷಿ ಇದ್ದ ವರ್ಷ ಒಯ್ದು, ದುಃಖ ಇದ್ದ ವರ್ಷ ನಮ್ಮ ಮನ್ಯಾಗೇ ಇಟ್ಟುಕೊಂಡ್ರ, ಮತ್ತ ಅದು ಎಂಥಾ ಸುದ್ದಿ?"

ದಾನಿಯೇಲ ಎದ್ದು ಗಾಡಿಯವನಿಗೆ ಎತ್ತು ಹೂಡಲು ಹೇಳಿದ.

ಮಾಂಜ್ರಾ ದಾಟಿ

ಔರಾದ ಕಡೆಯ ಆ ಹಳ್ಳಿಗೆ ಹೋಗಲು ಮಾಂಜ್ರಾ ಹೊಳೆ ದಾಟಬೇಕು. ಗಾಡಿಯ ಅಚ್ಚಿನವರೆಗೆ ನೀರಿತ್ತು. ನಡುನೀರಿನಲ್ಲಿ ಎತ್ತು ನಿಂತುಬಿಟ್ಟಿತು. ಗಾಡಿಯವನು ಅದಕ್ಕೆ ಹೊಡೆಯಲಿಲ್ಲ, ಬೀಡಿ ಹಚ್ಚಿ "ಅದರ ಮನಸ್ಸು ಆಗ್ಲಿ" ಎಂದ. ನಾವು ಹೊಳೆಯ ನಡುವೆ ಎತ್ತಿನ ಮನಸ್ಸಿಗೆ ಕಾಯುತ್ತ ಕೂತೆವು. ನನ್ನ ಊರಲ್ಲಾಗಿದ್ದರೆ ನಾನು ಇಳಿದು ತಳ್ಳುತ್ತಿದ್ದೆ.

ಹಳ್ಳಿಯಲ್ಲಿ ಮೂರು ದಿನ ನಾನು ನನ್ನ ಕೆಲಸ ಮಾಡಿದೆ. ಗುಡಿ ಎಂದರೆ ಒಂದು ಅಂಕಣದ ಮಣ್ಣಿನ ಮನೆ, ಸುಣ್ಣ ಬಳಿಸಲು ಅರ್ಧ ದಿನ ಸಾಕಾಯಿತು. ಹೆಂಗಸರು ನಾನು ಹೇಳಿಕೊಟ್ಟ ಹಾಡನ್ನು ತಮ್ಮ ಬೀಸುವ ಹಾಡಿನ ಧಾಟಿಗೆ ಎಳೆದುಕೊಂಡು ಹೋದರು. ಪರದೆ ಕಟ್ಟಲು ಮೊಳೆ ಇರಲಿಲ್ಲ. ಎಲ್ಲರೂ ನಾನು ಹೇಳಿದ್ದಕ್ಕೆಲ್ಲ "ಆಯ್ತರಿ ಅಕ್ಕೋರೆ" ಎನ್ನುತ್ತಿದ್ದರು, ಕಣ್ಣು ಮಾತ್ರ ಹಾದಿಯ ಮೇಲಿರುತ್ತಿತ್ತು. ಕ್ರಿಸ್ಮಸ್ಸಿನ ಹಿಂದಿನ ಮಧ್ಯಾಹ್ನ ಕಟ್ಟಿಗೆ ತರಲು ಹೋದವಳೊಬ್ಬಳು ಓಡಿಬಂದಳು.

"ಸಿಕ್ಕಾನ್ರಿ! ಜಾಲಿ ಗುಡ್ಡದ ಹಿಂದ ಅದ ಹಟ್ಟಿ!"

ಇಡೀ ಓಣಿ ಹೊರಗೆ ಬಂತು. ನನ್ನ ಹಾಡಿಗೆ ಇಷ್ಟು ದನಿ ಬಂದಿರಲಿಲ್ಲ.

ಪ್ರತಿವರ್ಷ ರೂತವ್ವನ ಜೊತೆ ಹೋಗುತ್ತಿದ್ದ ಅವಳ ನಾದಿನಿ ಗಡಿಯಾಚೆಯಿಂದ ಇನ್ನೂ ತಿರುಗಿ ಬಂದಿರಲಿಲ್ಲ. ರೂತವ್ವ ಓಣಿಯವರನ್ನೆಲ್ಲ ಒಮ್ಮೆ ನೋಡಿ, ನನ್ನ ಹತ್ತಿರ ಬಂದಳು. ನಾನು ಕುರ್ಚಿಯ ಮೇಲೆ ನಿಂತು ಕಾಗದದ ತೋರಣ ಕಟ್ಟುತ್ತಿದ್ದೆ.

"ನೀವು ಬರ್ರಿ ಅಕ್ಕೋರೆ ನನ್ನ ಜೊತಿ. ನಿಮಗೇನು ಕೆಲಸ ಅದ ಇಲ್ಲಿ?"

ಕೈಯಲ್ಲಿ ತೋರಣ, ಸೊಂಟದಲ್ಲಿ ಪಟ್ಟಿ, ಬಾಯಲ್ಲಿ ಗುಂಡುಸೂಜಿ. ಬಾಯಲ್ಲಿ ಸೂಜಿ ಇದ್ದದ್ದರಿಂದ ಇಲ್ಲ ಎನ್ನಲಾಗಲಿಲ್ಲ.

ಹಟ್ಟಿ

ಕ್ರಿಸ್ಮಸ್ ಬೆಳಿಗ್ಗೆ ಮೂಡಣ ಕೆಂಪೇರುವ ಹೊತ್ತಿಗೆ ಹೊರಟೆವು. ಥಂಡಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ರೂತವ್ವ ಬರಿಗಾಲಲ್ಲಿ ನನಗಿಂತ ಮುಂದೆ ನಡೆಯುತ್ತಿದ್ದಳು. ಗುಡ್ಡ ಬಳಸಿದಾಗ ಮುಳ್ಳಬೇಲಿಯ ಒಳಗೆ ಕುರಿಗಳು, ಪಕ್ಕದಲ್ಲಿ ಕಂಬಳಿಯ ಒಂದು ಗುಡಾರ, ಒಲೆಯ ಹೊಗೆ. ನಾಯಿಗಳು ಬೊಗಳಿ, ರೂತವ್ವನ ವಾಸನೆ ಹಿಡಿದು ಬಾಲ ಅಲ್ಲಾಡಿಸಿದವು. ಅವು ಆಕೆಯನ್ನು ಮರೆತಿರಲಿಲ್ಲ.

ಬೀರಪ್ಪ ಕೂತುಕೊಂಡು ಒಂದು ಕುರಿಯ ಗೊರಸು ಕೆತ್ತುತ್ತಿದ್ದ. ಎತ್ತರದ ಆಳು, ಗಡ್ಡ ಬಿಟ್ಟಿದ್ದ. ತಲೆಯೆತ್ತಿ ನೋಡಿದ. ಮತ್ತೆ ಗೊರಸಿನ ಕಡೆ ಬಗ್ಗಿದ. ಅವನ ಹೆಂಡತಿ ಮಾಳವ್ವ ಒಲೆಯ ಮುಂದೆ ಕೂತಿದ್ದವಳು ಏಳಲಿಲ್ಲ.

ರೂತವ್ವ ಬೇಲಿಯ ಬಾಯಲ್ಲಿ ನಿಂತಳು. ನಾಲ್ಕು ವಾರದಿಂದ ಊರೂರು ಅಲೆದು ಹುಡುಕಿದವ ಕಣ್ಣೆದುರೇ ಕೂತಿದ್ದ, ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತ ನಿಂತುಬಿಟ್ಟಳು.

"ಹೋದ ವರ್ಷ ಹಾದಿ ನೋಡಿದ್ವಿ," ಎಂದ ಬೀರಪ್ಪ, ತಲೆ ಎತ್ತದೆ. "ಸಿದ್ದು ಗುಡ್ಡದ ಮ್ಯಾಲ ಹೋಗಿ ನಿಂತಿದ್ದ. ಬರ್ತಾಳಪ್ಪ ಮುದುಕಿ, ಬಂದೇ ಬರ್ತಾಳ ಅಂತಿದ್ದ. ನೀ ಬರ್ಲಿಲ್ಲ."

"ತಪ್ಪಾಯ್ತಪ್ಪ," ಎಂದಷ್ಟು ಮಾತ್ರ ಆಕೆಯ ಬಾಯಿಂದ ಬಂತು.

ಕುರಿಯೊಂದು ಕೆಮ್ಮಿತು. ನನಗೆ ಅಲ್ಲಿಂದ ಓಡಿಹೋಗಬೇಕು ಎನಿಸಿತು. ಆದರೆ ಸುದ್ದಿ ಹೇಳದೆ ತಿರುಗಿ ಹೋದರೆ ಈ ಮುದುಕಿ ಇನ್ನೊಂದು ವರ್ಷ ಬದುಕುವವಳಲ್ಲ ಎಂದೂ ಅನಿಸಿತು. ನಾನು ಹದಿನೇಳು ವರ್ಷದಿಂದ ನಾಟಕದ ಮಕ್ಕಳಿಗೆ ಈ ಮಾತು ಹೇಳಲು ಕಲಿಸಿದವಳು. ಕೈ ಎಲ್ಲಿ ಎತ್ತಬೇಕು, ದನಿ ಎಲ್ಲಿ ಏರಿಸಬೇಕು ಎಲ್ಲವೂ ಗೊತ್ತು. ಅದೇನೂ ನೆನಪಾಗಲಿಲ್ಲ.

"ಕೂಸು ಹುಟ್ಟೇತ್ರಿ," ಎಂದೆ. ನಮ್ಮ ಹುಬ್ಬಳ್ಳಿಯ ಮಾತಿನಲ್ಲಿ, ಅಡಿಗೆಮನೆಯಿಂದ ಹೊರಗೆ ಬಂದು ಹೇಳುವ ಹಾಗೆ.

ಬೀರಪ್ಪನ ಕೈ ನಿಂತಿತು. ಅವನು ಕೇಳಬೇಕಾದ ಪ್ರಶ್ನೆ ಕೇಳಲಿಲ್ಲ. ಕೇಳಿದವಳು ಮಾಳವ್ವ. ಅದೂ ಪ್ರತಿವರ್ಷದ ಪ್ರಶ್ನೆಯಲ್ಲ.

"ಉಳೀತದೇನ್ರಿ ಕೂಸು?"

ಏನು ಹೇಳಲಿ? ಉಳಿಯುತ್ತದೆ ಎನ್ನಲೇ? ಆ ಕೂಸಿನ ಕತೆ ಮುಂದೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ನನಗೆ ಗೊತ್ತಿಲ್ಲವೇ? ಶಿಲುಬೆಯ ಕೆಳಗೆ ನಿಂತ ತಾಯಿಯ ವಿಷಯ ಈ ತಾಯಿಗೆ ಹೇಳದೆ ಮುಚ್ಚಿಡಲೇ? ನನ್ನ ಮಗಳು ಹುಟ್ಟಿದ ಬೆಳಿಗ್ಗೆ ನಾನೂ ಇದನ್ನೇ ದಾಯಿಗೆ ಕೇಳಿದ್ದೆ. ಆಕೆ ಹೌದು ಎಂದಿದ್ದಳು.

ಒಲೆಯ ಹತ್ತಿರ ಹೋಗಿ ಮಾಳವ್ವನ ಎದುರು ಕುಕ್ಕರುಗಾಲಲ್ಲಿ ಕೂತೆ.

"ಮುಂದಿನದು ನನಗ ಹೇಳಾಕ ಬರೂದಿಲ್ಲ ಯವ್ವಾ," ಎಂದೆ. "ಇವತ್ತ ಐತಿ. ಇವತ್ತ ಛಲೋ ಐತಿ."

ಮಾಳವ್ವ ನನ್ನ ಮುಖವನ್ನೇ ನೋಡಿದಳು. ಆಕೆಗೆ ಏನು ಕಂಡಿತೋ, ಕೈ ಚಾಚಿ ನನ್ನ ಮೊಣಕಾಲು ಮುಟ್ಟಿದಳು. ಆಮೇಲೆ ಗಂಡನ ಕಡೆ ತಿರುಗಿ, "ಕೂಸು ಛಲೋ ಅದಂತ" ಎಂದಳು.

ಬೀರಪ್ಪ ಕುರಿಯ ಕಾಲು ಬಿಟ್ಟು ಎದ್ದ. ಬೇಲಿಯ ಮೂಲೆಗೆ ಹೋಗಿ, ಮರಿ ಹಾಕಿದ್ದ ಒಂದು ಮೇಕೆಯನ್ನು ಹಿಡಿದು ಕೂತ. ಹಿತ್ತಾಳೆಯ ತಂಬಿಗೆಯಲ್ಲಿ ಹಾಲಿನ ಸದ್ದು ಕೇಳಿತು. ತುಂಬಿಸಿಕೊಂಡು ಬಂದು ರೂತವ್ವನ ಕೈಗೆ ಕೊಟ್ಟ.

"ತಾಯಿ ಹ್ಯಾಂಗ ಅದಾಳ?" ಎಂದ.

"ಛಲೋ ಅದಾಳಪ್ಪ," ಎಂದಳು ರೂತವ್ವ. ಆಕೆಯ ದನಿ ತಿರುಗಿ ಬಂದಿತ್ತು.

"ಕಂಬಳಿ ಇಲ್ಲ. ನೇಯ್ಲಿಕ್ಕ ಕೈ ಏಳಲಿಲ್ಲ." ಅವನು ಗುಡ್ಡದ ಕಡೆ ನೋಡಿದ. "ಬರೋ ವರ್ಷ ಕೊಡ್ತೇನಿ. ಬರ್ರಿ."

ಮರಳಿ

ಹಾಲು ತುಳುಕದ ಹಾಗೆ ನಿಧಾನವಾಗಿ ನಡೆದೆವು. ಅರ್ಧ ದಾರಿಯಲ್ಲಿ ರೂತವ್ವ ಕೇಳಿದಳು, "ನೀವು ಯಾಕ ಹಂಗ ಅಂದ್ರಿ, ಇವತ್ತ ಅದ ಅಂತ?"

ಹೇಳಿದೆ. ಎಂಟು ದಿನದ ಮಗಳು, ಹದಿನೇಳು ವರ್ಷ, ಎಲ್ಲವನ್ನೂ. ಆಕೆ ಲೊಚಗುಟ್ಟಲಿಲ್ಲ, ದೇವರ ಚಿತ್ತ ಎನ್ನಲಿಲ್ಲ. ತಂಬಿಗೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿ ನಿಂತಳು.

"ಹ್ಯಾಂಗಿತ್ತು ಕೂಸು?"

ಹೇಗೆ ಹೋಯಿತು ಎಂದು ಎಷ್ಟೋ ಜನ ಕೇಳಿದ್ದರು, ಡಾಕ್ಟರು ಏನೆಂದರು ಎಂದು ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ.

"ಛಲೋ ಇತ್ತು," ಎಂದೆ. "ತಲಿತುಂಬ ಕೂದಲಾ. ಬೆರಳ ಹಿಡದ್ರ ಬಿಡತಿರಲಿಲ್ಲ."

"ಹಾಂ," ಎಂದಳು ರೂತವ್ವ, ಸುದ್ದಿ ಮುಟ್ಟಿತು ಎನ್ನುವವಳ ಹಾಗೆ. ನಾನು ಆ ಹೊಲದ ಬದುವಿನ ಮೇಲೆ ಅತ್ತೆ, ಅಳುತ್ತಲೇ ನಕ್ಕೆ. ಆಕೆ ಕಾಯುತ್ತ ನಿಂತಿದ್ದಳು. ಹಾಲಿಗೆ ಬಿಸಿಲು ಬೀಳದಂತೆ ಸೆರಗು ಮುಚ್ಚಿದ್ದಳು.

ಓಣಿಯವರೆಲ್ಲ ಗುಡಿಯ ಮುಂದೆ ಹಾದಿ ನೋಡುತ್ತ ಕೂತಿದ್ದರು. ನನ್ನ ತಮ್ಮನೂ ಕೈಯಲ್ಲಿ ಪುಸ್ತಕ ಹಿಡಿದು ಅವರ ನಡುವೆಯೇ ಕೂತಿದ್ದ. ಆರಾಧನೆ ಶುರುವಾಗಿರಲಿಲ್ಲ, ಒಲೆ ಹೊತ್ತಿರಲಿಲ್ಲ. ರೂತವ್ವ ತಂಬಿಗೆ ಎತ್ತಿ ತೋರಿಸಿದಳು.

"ಏನಂದ ಬೀರಪ್ಪ?" ಎಂದು ಒಬ್ಬರು ಕೂಗಿದರು.

"ಕಂಬಳಿ ಬರೋ ವರ್ಷ ಕೊಡ್ತೇನಿ ಅಂದಾನ. ಬರ್ರಿ ಅಂದಾನ!"

ಆಗ ಎದ್ದ ಹಲಗೆ ಬಾರಿಸುವ ಸದ್ದು ಬೀದರದ ಕೋಟೆಗೂ ಕೇಳಿರಬೇಕು. ಗಡಿಗೆ ಒಲೆಯೇರಿತು. ಹೆಂಗಸರು ನಾನು ಕಲಿಸಿದ ಹಾಡನ್ನು ಬೀಸುವ ಧಾಟಿಯಲ್ಲಿ ಎತ್ತಿಕೊಂಡರು. ನಾನು ತಾಳ ಹಾಕಲಿಲ್ಲ, ಅವರ ನಡುವೆ ನೆಲದ ಮೇಲೆ ಕೂತು ಹಾಡಿದೆ. ಅರ್ಧ ಕಟ್ಟಿದ ತೋರಣ ಅರ್ಧವೇ ಉಳಿಯಿತು.

ಒಂದು ವಾರ ಬಿಟ್ಟು ತಿರುಗಿ ಬರುವಾಗ ಗಡಿಯ ಸ್ಟೇಷನ್ನಿನಲ್ಲಿ ಅದೇ ದಫೇದಾರ ಟ್ರಂಕು ತೆಗೆಸಿದ. ಮೇಣದಬತ್ತಿ ಖಾಲಿ, ಬಣ್ಣದ ಕಾಗದ ಖಾಲಿ. ಕೆಳಗೆ ರೆಕ್ಕೆಗಳು ಅವನು ಮಡಚಿಟ್ಟ ಹಾಗೆಯೇ ಇದ್ದವು.

"ಇವು ಬಳಸಲೇ ಇಲ್ಲೇನ್ರಿ ಬಾಯಿ?"

"ಬೇಕಾಗಲಿಲ್ರಿ," ಎಂದೆ. "ನಡಕೊಂಡ ಹೋದ್ವಿ."